ಆರಿದ ಒಲೆಯ ವಾಸನೆ

ಅಮೆರಿಕದ ವಾಯುವ್ಯ ಮೂಲೆಯ ವಾಷಿಂಗ್ಟನ್, ಐಡಹೊ, ಆರೆಗನ್ ರಾಜ್ಯಗಳಲ್ಲಿ ವಸಂತ ಕಳೆಯುವ ಹೊತ್ತಿಗೆ ಮರದ ಹೊಟ್ಟಿನ ಗುಳಿಗೆ ಉರಿಸುವ ಪೆಲೆಟ್ ಸ್ಟವ್‌ಗಳನ್ನು ಆರಿಸಿಬಿಡುತ್ತಾರೆ. ಮತ್ತೆ ಅವುಗಳಿಗೆ ಕೆಲಸ ಬೀಳುವುದು ಚಳಿ ಕಾಲಿಟ್ಟ ಮೇಲೆ. ನಡುವಿನ ತಿಂಗಳುಗಳಲ್ಲಿ ಒಲೆ ಹಾಲ್‌ನ ಮೂಲೆಯಲ್ಲಿ ಕೂತ ಕಬ್ಬಿಣದ ಪೆಟ್ಟಿಗೆ, ಅಷ್ಟೆ. ಆದರೆ ಮಳೆ ಬಿದ್ದ ಒಂದು ಸಂಜೆ ಅಡುಗೆಮನೆಯಲ್ಲಿ ಒಗ್ಗರಣೆಗೆಂದು ಎಕ್ಸಾಸ್ಟ್ ಫ್ಯಾನ್ ಹಾಕಿದ ಸ್ವಲ್ಪ ಹೊತ್ತಿಗೆ ಆ ಪೆಟ್ಟಿಗೆಯಿಂದ ಕಮಟು ವಾಸನೆ ಹೊರಡುತ್ತದೆ. ಸಿಯಾಟಲ್ ಕಡೆ ನೆಲೆಸಿದ ಮಲೆನಾಡಿನವರಿಗೆ ಅದರ ಗುರುತು ಹತ್ತುವುದು ಕಷ್ಟವಲ್ಲ. ಜಡಿಮಳೆಯಲ್ಲಿ ನಾಲ್ಕು ದಿನ ಉರಿ ಕಾಣದೆ ಬಿದ್ದ ಬಚ್ಚಲೊಲೆಯ ವಾಸನೆಯೇ ಅದು.

ಉರಿಯುವಾಗ ಹೊಗೆಯ ಸುಳಿವನ್ನೇ ಕೊಡದ ಒಲೆ ಆರಿದ ಮೇಲೆ ನಾರುವುದೇಕೆ? ಮನೆಯವರು ಮೊದಲು ಒಲೆಯನ್ನು ಬೈಯುತ್ತಾರೆ, ಆಮೇಲೆ ಅದನ್ನು ಕೂರಿಸಿಕೊಟ್ಟವನನ್ನು. ನನ್ನ ಕೇಳಿದರೆ, ತಪ್ಪು ಇಬ್ಬರಿಗಿಂತಲೂ ಹಳೆಯದು. ಈ ಒಲೆ ಹುಟ್ಟಿದ ರೀತಿಯಲ್ಲೇ ಆ ವಾಸನೆಗೆ ದಾರಿ ಇತ್ತು.

ಕಥೆ ಶುರುವಾಗುವುದು ಸಾಮಿಲ್ಲುಗಳಲ್ಲಿ. ವಾಯುವ್ಯದ ಕಾಡುಗಳ ಅಂಚಿನಲ್ಲಿದ್ದ ಮಿಲ್ಲುಗಳಿಗೆ ಗರಗಸದ ಹೊಟ್ಟು ಬೆಟ್ಟದಷ್ಟು ಬೀಳುತ್ತಿತ್ತು. ಅದನ್ನು ವಿಗ್ವಾಮ್ ಬರ್ನರ್ ಎಂಬ ಶಂಕುವಿನಾಕಾರದ ದೊಡ್ಡ ಉಕ್ಕಿನ ಗೂಡುಗಳಲ್ಲಿ ಹಾಕಿ ಹಗಲಿರುಳು ಸುಡುತ್ತಿದ್ದರು. ಐಡಹೊದ ಲೂಯಿಸ್ಟನ್‌ನ ಮಿಲ್ಲೊಂದು 1930ರ ದಶಕದಲ್ಲೇ ಈ ಹೊಟ್ಟನ್ನು ಒತ್ತಿ ‘ಪ್ರೆಸ್ಟೊ ಲಾಗ್’ ಎಂಬ ಕೃತಕ ಕೊರಡು ಮಾಡಿ ಮಾರಿತ್ತು. ಆದರೂ ಸುಟ್ಟು ಬಿಸಾಡುವುದೇ ಅಗ್ಗವಾಗಿತ್ತು. 1970ರ ಶುದ್ಧ ಗಾಳಿ ಕಾಯ್ದೆ ಬಂದು ಆ ಗೂಡುಗಳು ಒಂದೊಂದಾಗಿ ಮುಚ್ಚಿದವು, ಹೊಟ್ಟು ಮಾತ್ರ ಉಳಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಹೋಯಿತು. ಕಸವೆಂದು ಸುಡುತ್ತಿದ್ದದ್ದಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು.

ಹೊಟ್ಟನ್ನು ಒಣಗಿಸಿ, ರಂಧ್ರಗಳಿರುವ ಅಚ್ಚಿನ ಮೂಲಕ ಭಾರೀ ಒತ್ತಡದಲ್ಲಿ ತಳ್ಳಿ, ಬೆರಳ ತುದಿಯಷ್ಟು ಗುಳಿಗೆಗಳನ್ನಾಗಿಸುವ, ಅಂದರೆ ಪೆಲೆಟ್ ಮಾಡುವ, ವಿಧಾನಕ್ಕೆ ರುಡಾಲ್ಫ್ ಗನ್ನರ್‌ಮನ್ ಎಂಬವರು 1977ರಲ್ಲಿ ಪೇಟೆಂಟ್ ಪಡೆದರು. ಇದಕ್ಕೆ ಅಂಟು ಬೇಡ. ಒತ್ತಡದ ಕಾವಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ, ತಣಿದಾಗ ತಾನೇ ಗಟ್ಟಿಯಾಗಿ ಹುಡಿಯನ್ನು ಹಿಡಿದಿಡುತ್ತದೆ. ಈ ಲಿಗ್ನಿನ್ನಿನ ಕಡೆ ಮತ್ತೆ ಬರುತ್ತೇನೆ, ವಾಸನೆಯಲ್ಲಿ ಅದರ ಪಾಲು ದೊಡ್ಡದು.

ಮೊದಮೊದಲು ಪೆಲೆಟ್ ಹೋದದ್ದು ಕಾರ್ಖಾನೆಗಳ ಬಾಯ್ಲರಿಗೆ. ಅದನ್ನು ಮನೆಯೊಳಗೆ ತಂದವರಲ್ಲಿ ಮುಖ್ಯರು ಬೋಯಿಂಗ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಜೆರ್ರಿ ವಿಟ್‌ಫೀಲ್ಡ್. 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಒಲೆಯಲ್ಲಿ ವಿಮಾನದ ಎಂಜಿನಿಯರ ಬುದ್ಧಿ ಕಾಣುತ್ತದೆ. ಮೇಲಿನ ತೊಟ್ಟಿಯಲ್ಲಿ ಪೆಲೆಟ್ ತುಂಬಿದರೆ ತಿರುಪಿನಂಥ ಆಗರ್ ತಿರುಗುತ್ತ ಬೊಗಸೆಯಷ್ಟು ಅಗಲದ ಉರಿಕುಡಿಕೆಗೆ ಸ್ವಲ್ಪ ಸ್ವಲ್ಪವೇ ಬೀಳಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಕ್ಕೆ ಎಳೆಯುತ್ತ ಉರಿಗೆ ಗಾಳಿ ಒದಗಿಸುತ್ತದೆ, ಇನ್ನೊಂದು ಫ್ಯಾನ್ ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ.

ಹೊಗೆ ಎಳೆಯುವ ಆ ಫ್ಯಾನಿನಿಂದ ವಿಟ್‌ಫೀಲ್ಡರಿಗೂ ಅವರ ಹಿಂದೆ ಬಂದವರಿಗೂ ದೊಡ್ಡ ಲಾಭವಾಯಿತು. ಚಿಮಣಿಯೇ ಬೇಡವಾಯಿತು. ಹಳೆಯ ಸೌದೆ ಒಲೆಗೆ ಚಾವಣಿ ದಾಟುವ ಎತ್ತರದ ಚಿಮಣಿ ಇರಲೇಬೇಕು, ಅದರೊಳಗಿನ ಬಿಸಿಗಾಳಿ ಮೇಲೇರುವುದರಿಂದಲೇ ಒಲೆ ಉಸಿರಾಡುವುದು. ಪೆಲೆಟ್ ಒಲೆಯ ಬೆನ್ನಿಗೆ 3 ಅಥವಾ 4 ಇಂಚಿನ ಕೊಳವೆ ಜೋಡಿಸಿ ಗೋಡೆ ತೂತುಮಾಡಿ ಹೊರಗೆ ಬಿಟ್ಟರೆ ಮುಗಿಯಿತು. ಖರ್ಚು ಇಳಿಯಿತು, ಒಲೆ ಎಲ್ಲಿ ಬೇಕಾದರೂ ಕೂತಿತು.

ಕಾನೂನೂ ಜೊತೆ ಕೊಟ್ಟಿತು. ಸೌದೆ ಹೊಗೆಯಿಂದ ಕಣಿವೆಯ ಊರುಗಳು ಉಸಿರುಗಟ್ಟಿದ್ದ ಕಾಲವದು. 1988ರಲ್ಲಿ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಸೌದೆ ಒಲೆಗಳಿಗೆ ಹೊಗೆಯ ಮಿತಿ ಹಾಕಿದಾಗ, ಇಂಧನಕ್ಕೆ 35 ಪಟ್ಟಿಗಿಂತ ಹೆಚ್ಚು ಗಾಳಿ ಎಳೆಯುವ ಒಲೆಗಳಿಗೆ ವಿನಾಯಿತಿ ಇತ್ತು. ಆ ವಿನಾಯಿತಿಗಾಗಿಯೇ ಬೇಕಿಲ್ಲದಷ್ಟು ಗಾಳಿ ಎಳೆಯುವಂತೆ ಕೆಲವು ಮಾದರಿಗಳನ್ನು ಮಾಡಿದರು. ಶಾಖ ಪೋಲಾದರೂ ಪರವಾಗಿಲ್ಲ, ಪರೀಕ್ಷೆ ತಪ್ಪಿದರೆ ಸಾಕು ಎಂಬ ಲೆಕ್ಕ. 2015ರ ಹೊಸ ನಿಯಮ ಆ ಕಿಂಡಿಯನ್ನು ಮುಚ್ಚಿತು.

ಅದೇ ಎಣ್ಣೆ ಬಿಕ್ಕಟ್ಟು ಇನ್ನೊಂದು ಕೂಸನ್ನೂ ಹೆತ್ತಿತ್ತು: ಗಾಳಿ ನುಸುಳದ ಮನೆ. ಕೆನಡಾದ ರೆಜೈನಾದಲ್ಲಿ ಹೆರಾಲ್ಡ್ ಆರ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ಕಟ್ಟಿದ ಸಸ್ಕಾಚೆವನ್ ಕನ್ಸರ್ವೇಶನ್ ಹೌಸ್ ಅದರ ಮೇಲ್ಪಂಕ್ತಿ. ಗೋಡೆಯ ಬಿರುಕು, ಕಿಟಕಿಯ ಸಂದು ಎಲ್ಲ ಮುಚ್ಚಿ ಶಾಖ ಉಳಿಸುವ ಪಾಠ ಅಲ್ಲಿಂದ ಹರಡಿತು. ಆ ಮನೆಯಲ್ಲಿ ಗಾಳಿ ಬದಲಿಸುವ ಯಂತ್ರವೂ ಇತ್ತು. ನಕಲು ಮಾಡಿದವರು ಬಹಳ ಮಂದಿ ಸಂದು ಮುಚ್ಚುವುದನ್ನಷ್ಟೇ ಕಲಿತು ಯಂತ್ರವನ್ನು ಬಿಟ್ಟರು. ಆ ಮೇಲೆ ಮನೆಗಳಿಗೆ ಬಟ್ಟೆ ಒಣಗಿಸುವ ಡ್ರೈಯರ್, ಬಚ್ಚಲ ಫ್ಯಾನ್, ನಿಮಿಷಕ್ಕೆ 400 ಘನ ಅಡಿ ಗಾಳಿ ಹೊರದಬ್ಬುವ ಅಡುಗೆಮನೆಯ ಹುಡ್ ಸೇರಿಕೊಂಡವು. ಹೊರಹೋದಷ್ಟೇ ಗಾಳಿ ಒಳಬರಲೇಬೇಕು. ಸಂದುಗಳೆಲ್ಲ ಮುಚ್ಚಿದ್ದರೆ ಅದು ಬರುವ ದಾರಿ ಯಾವುದು? ಗೋಡೆ ತೂತುಮಾಡಿ ಕೂರಿಸಿದ ಆ ಕೊಳವೆ.

ಒಲೆ ಉರಿಯುವಾಗ ಅದರ ಫ್ಯಾನ್ ಒಳಗಿನ ಗಾಳಿಯನ್ನು ಸದಾ ಹೊರಗೆಳೆಯುತ್ತಿರುತ್ತದೆ. ಬಾಗಿಲ ಅಂಚಿನಲ್ಲಿ ಸೋರಿಕೆ ಇದ್ದರೂ ಕೋಣೆಯ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಹೊಗೆ ಹೊರಬರುವುದಿಲ್ಲ. ಫ್ಯಾನ್ ನಿಂತಿತೋ, ಗಾಳಿಯ ದಿಕ್ಕನ್ನು ತೀರ್ಮಾನಿಸುವುದು ಮನೆ. ಎತ್ತರದ ಚಿಮಣಿಯಾದರೂ ಅಲ್ಪಸ್ವಲ್ಪ ತಡೆಯುತ್ತಿತ್ತು, ಅಡ್ಡ ಕೊಳವೆಗೆ ಆ ಶಕ್ತಿ ಇಲ್ಲ. ಇಟಲಿಯಲ್ಲಿ ಪೆಲೆಟ್ ಒಲೆಯ ಹೊಗೆಯನ್ನೂ ಚಾವಣಿಯ ಮೇಲಕ್ಕೇ ಒಯ್ಯಬೇಕೆಂಬ ನಿಯಮವಿದೆ. ಜರ್ಮನಿಯಲ್ಲಿ ಗಾಳಿಯಂತ್ರವಿರುವ ಮನೆಗೆ ಒಲೆ ತರುವುದಾದರೆ, ಕೋಣೆಯ ಗಾಳಿಯನ್ನು ಮುಟ್ಟದ ಮುಚ್ಚಿದ ಮಾದರಿಯಾಗಬೇಕು, ಇಲ್ಲವೇ ಮನೆಯೊಳಗಿನ ಒತ್ತಡ 4 ಪಾಸ್ಕಲಿಗಿಂತ ಹೆಚ್ಚು ಕುಸಿದರೆ ಗಾಳಿಯಂತ್ರವನ್ನು ನಿಲ್ಲಿಸುವ ಕಾವಲು ಸಾಧನ ಬೇಕು. ಅಮೆರಿಕದಲ್ಲಿ ಗೋಡೆಯ ತೂತೇ ಇನ್ನೂ ಸಾಮಾನ್ಯ.

ಇನ್ನು ಆ ಗಾಳಿ ಹೊತ್ತು ತರುವುದೇನು ಎಂಬ ವಿಚಾರ. ಪೆಲೆಟ್ಟನ್ನು ಹಿಡಿದಿಟ್ಟ ಲಿಗ್ನಿನ್ ಉರಿಯಲ್ಲಿ ಒಡೆದಾಗ ಗ್ವಾಯಕಾಲ್, ಕ್ರೆಸಾಲ್‌ಗಳಂಥ ಫೀನಾಲುಗಳು ಹುಟ್ಟುತ್ತವೆ. ಹೊಗೆಯಾಡಿಸಿದ ಮೀನಿಗೆ, ಮಾಂಸಕ್ಕೆ ಆ ಘಮ ಬರುವುದು ಇವುಗಳಿಂದಲೇ. ಪೂರ್ತಿ ಸುಡದ ಅಂಶ ಕೊಳವೆಯ ಮಸಿಯಲ್ಲಿ ಕೂತಿರುತ್ತದೆ. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೋನೇಟ್ ಗಾಳಿಯ ತೇವವನ್ನು ಹೀರುವ ಜಾತಿಯದು. ಹಾಗಾಗಿ ಮಳೆ ಬಿದ್ದಾಗ ಬೂದಿ ಒದ್ದೆಯಾಗುತ್ತದೆ, ಮಸಿ ವಾಸನೆ ಬಿಡುತ್ತದೆ. ಒದ್ದೆ ಬೂದಿ ಕ್ಷಾರ, ಕಬ್ಬಿಣವನ್ನೂ ತಿನ್ನುತ್ತದೆ.

ಎಲ್ಲ ವಾಸನೆಯೂ ಇದೇ ಅಲ್ಲ. ಮುಗ್ಗಲು ಬಂದರೆ ತೊಟ್ಟಿಯಲ್ಲಿ ಉಳಿದ ಪೆಲೆಟ್ ತೇವ ಹಿಡಿದಿರುತ್ತದೆ. ಹಳಸಿದ ಎಣ್ಣೆಯಂಥ ತೀಕ್ಷ್ಣ ವಾಸನೆಯಾದರೆ ಪಕ್ಕದಲ್ಲಿ ಪೇರಿಸಿದ ಮೂಟೆಗಳನ್ನು ನೋಡಬೇಕು. ಮರದ ಕೊಬ್ಬಿನಾಂಶ ಗಾಳಿಗೆ ಕೆಟ್ಟು ಹೆಕ್ಸನಾಲ್ ಬಿಡುತ್ತದೆ, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡನ್ನೂ. ಮನೆಯ ನಾಲ್ಕಾರು ಮೂಟೆಗಳಿಂದ ಭಯವೇನಿಲ್ಲ. ಆದರೆ 2006ರಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೊರಿ ಬಂದರಿನಲ್ಲಿ ಪೆಲೆಟ್ ತುಂಬಿದ ಹಡಗಿನ ಮೆಟ್ಟಿಲುಕಂಡಿಗೆ ಇಳಿದ ನಾವಿಕನೊಬ್ಬ ಇದೇ ಗಾಳಿಗೆ ಸತ್ತ. ಕೊಳೆತ ವಾಸನೆಗೆ ಕಾರಣ ಹುಡುಕಬೇಕಾದದ್ದು ಹೊರಗಿನ ಕೊಳವೆಯಲ್ಲಿ, ಅಲ್ಲಿ ಇಲಿಯೋ ಹಕ್ಕಿಯೋ ಸತ್ತಿರುತ್ತದೆ. ಚಳಿಗಾಲದಲ್ಲಿ ಕರೆಂಟು ಹೋಗಿ ಒಲೆ ನಿಂತಾಗ ಬರುವ ಬಿಸಿ ಹೊಗೆಯ ಮಾತು ಬೇರೆ. ಅದು ಕುಡಿಕೆಯಲ್ಲಿ ಇನ್ನೂ ಕನಲುತ್ತಿರುವ ಕೆಂಡದ್ದು. ಆಗ ಕಿಟಕಿ ತೆರೆಯಬೇಕು. ಮೊನಾಕ್ಸೈಡ್ ಅಲಾರಂ ಇಲ್ಲದ ಮನೆಯಲ್ಲಿ ಈ ಒಲೆ ಇರಲೇಬಾರದು.

ಮಸಿಯ ವಾಸನೆಯೇ ಎಂದು ಗೊತ್ತಾದ ಮೇಲೆ ಪತ್ತೆಗೆ ಊದುಬತ್ತಿ ಸಾಕು. ಕಿಟಕಿಗಳನ್ನೆಲ್ಲ ಮುಚ್ಚಿ, ಹುಡ್, ಡ್ರೈಯರ್, ಬಚ್ಚಲ ಫ್ಯಾನ್ ಮೂರನ್ನೂ ಹಾಕಿ, ಉರಿಯುವ ಬತ್ತಿಯನ್ನು ಒಲೆಯ ಬಾಗಿಲಂಚು, ತೊಟ್ಟಿಯ ಮುಚ್ಚಳ, ಕೊಳವೆಯ ಕೀಲುಗಳ ಬಳಿ ಹಿಡಿಯಬೇಕು. ತೊಟ್ಟಿಯಲ್ಲಿ ಪೆಲೆಟ್ ಇದ್ದರೆ ಮೊದಲು ಖಾಲಿ ಮಾಡುವುದು ಲೇಸು. ಹೊಗೆಯೆಳೆ ಕೋಣೆಯ ಕಡೆ ಬಾಗಿದಲ್ಲೇ ಸೋರಿಕೆ. ಅಡುಗೆಮನೆಯ ಕಿಟಕಿಯನ್ನು ಎರಡು ಬೆರಳು ತೆರೆದಾಗ ಎಳೆ ನೆಟ್ಟಗಾದರೆ ದೂರಬೇಕಾದದ್ದು ಮನೆಯ ಒತ್ತಡವನ್ನು. ಬಾಗಿಲ ಹಗ್ಗದಂಥ ಗ್ಯಾಸ್ಕೆಟ್ಟಿಗೆ ಅಲ್ಲಿನವರದು ಡಾಲರ್ ನೋಟಿನ ಪರೀಕ್ಷೆ: ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದಾಗ ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಮುಗಿದಿದೆ.

ಆಮೇಲಿನದು ಕೊಳೆ ಕೆಲಸ. ಪ್ಲಗ್ ಕಿತ್ತು, ಕುಡಿಕೆ ಮತ್ತು ಬೂದಿಯ ಡ್ರಾಯರ್ ಮಾತ್ರವಲ್ಲ, ಒಳಗೋಡೆಯ ಹಿಂದಿನ ಬೂದಿಗುಂಡಿ, ಹೊಗೆಫ್ಯಾನಿನ ಗೂಡು, ಕೊಳವೆಯ ತಿರುವಿನಲ್ಲಿರುವ ‘ಟೀ’ ಎಂಬ T ಆಕಾರದ ಜೋಡಣೆ ಎಲ್ಲವನ್ನೂ ಖಾಲಿ ಮಾಡಬೇಕು. ಬಹಳ ಜನ ಟೀ ಇರುವುದನ್ನೇ ಮರೆಯುತ್ತಾರೆ, ಅರ್ಧ ವಾಸನೆ ಅಲ್ಲೇ ಇರುತ್ತದೆ. ಬೂದಿ ಹೋಗಬೇಕಾದದ್ದು ಮುಚ್ಚಳವಿರುವ ಲೋಹದ ಡಬ್ಬಕ್ಕೆ, ಅದೂ ಮನೆಯ ಹೊರಗೆ. ಸೋರುವ ಕೀಲುಗಳಿಗೆ ಹೆಚ್ಚು ಶಾಖ ತಡೆಯುವ ಸಿಲಿಕೋನ್ ಸಾಕು. ಹೊರಗಿನ ಗಾಳಿಯನ್ನು ನೇರ ಒಲೆಗೆ ತರುವ ಪ್ರತ್ಯೇಕ ಕೊಳವೆ, ಹೊಗೆಕೊಳವೆಗೆ ಕೆಲವು ಅಡಿ ಲಂಬ ಏರಿಕೆ, ಇವು ಖರ್ಚಿನ ಬಾಬು. ಆದರೆ ಚಿಮಣಿ ಬಿಟ್ಟು ಉಳಿಸಿದ ದುಡ್ಡಿನಲ್ಲಿ ಸ್ವಲ್ಪವನ್ನು ಹಿಂದಿರುಗಿಸಿದಂತೆ. ಸುವಾಸನೆಯ ಸ್ಪ್ರೇಗೆ ಹಾಕುವ ದುಡ್ಡು ಮಾತ್ರ ದಂಡ.

ಬೇಸಿಗೆಗೆ ಕೆಲವರು ಹೊರಗಿನ ಕೊಳವೆಯ ಬಾಯಿಗೆ ಬಿರಡೆ ಹಾಕಿಬಿಡುತ್ತಾರೆ. ವಾಸನೆಯೂ ನಿಲ್ಲುತ್ತದೆ, ಹಕ್ಕಿಯೂ ಗೂಡು ಕಟ್ಟುವುದಿಲ್ಲ. ಅಂಥವರು ಒಲೆಯ ಪ್ಲಗ್ಗಿಗೊಂದು ಕೆಂಪು ಚೀಟಿ ಕಟ್ಟಿ, ಬಿರಡೆ ಇದೆ ಎಂದು ದಪ್ಪಕ್ಷರದಲ್ಲಿ ಬರೆದಿಡಬೇಕು. ಅಕ್ಟೋಬರಿನ ಮೊದಲ ಚಳಿಯ ರಾತ್ರಿ ಗುಂಡಿ ಒತ್ತುವವರು ಬಿರಡೆ ಹಾಕಿದವರೇ ಆಗಿರಬೇಕೆಂದಿಲ್ಲವಲ್ಲ.