ನೆಗಡಿಯ ದಿನಗಳಲ್ಲಿ ವ್ಯಾಯಾಮ: ಮುಂದುವರಿಸುವುದೆಲ್ಲಿ, ನಿಲ್ಲಿಸುವುದೆಲ್ಲಿ

ಮಳೆಗಾಲದ ಆರಂಭದಲ್ಲಿ ಮತ್ತು ಮಾಗಿಯ ಚಳಿಯಲ್ಲಿ ನೆಗಡಿ ಕಾಣಿಸಿಕೊಳ್ಳದ ಮನೆ ವಿರಳ. ಬೆಳಗಿನ ಯೋಗಾಭ್ಯಾಸವನ್ನೋ ನಡಿಗೆಯನ್ನೋ ನಿಯಮದಂತೆ ಪಾಲಿಸುವ ಭಕ್ತರು ಇಂಥ ದಿನಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ಮೂಗು ಸೋರುತ್ತಿರುವಾಗ ಅಭ್ಯಾಸವನ್ನು ನಿಲ್ಲಿಸಬೇಕೇ, ಇಲ್ಲವೇ ಹಿಡಿದ ವ್ರತದಂತೆ ನಡೆಸಿಕೊಂಡು ಹೋಗಬೇಕೇ? ಚೆನ್ನಾಗಿ ಬೆವರು ಹರಿಸಿದರೆ ನೆಗಡಿ ತಾನಾಗಿಯೇ ಇಳಿಯುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿ ಬೇರೂರಿದೆ. ಈ ಕುರಿತು ವೈದ್ಯವಿಜ್ಞಾನ ಹೇಳುವುದನ್ನು ಶರಣರ ದೃಷ್ಟಿಯ ಬೆಳಕಿನಲ್ಲಿ ತಿಳಿಯೋಣ.

ಬಸವಾದಿ ಶರಣರು ಶರೀರವನ್ನು ದೇವಾಲಯದ ಸ್ಥಾನದಲ್ಲಿರಿಸಿ ಗೌರವಿಸಿದವರು. ಲಿಂಗಪೂಜೆಗೆ, ಕಾಯಕಕ್ಕೆ, ದಾಸೋಹಕ್ಕೆ ಸಾಧನವಾದ ಈ ಕಾಯವನ್ನು ದಂಡಿಸಿ ದೇವರನ್ನು ಒಲಿಸಬಹುದೆಂಬ ವಿಚಾರವನ್ನು ಅವರು ಒಪ್ಪಲಿಲ್ಲ. ಆಲಸ್ಯವನ್ನೂ ಅವರು ಸಹಿಸಲಿಲ್ಲ. ಆದ್ದರಿಂದ ಅನಾರೋಗ್ಯದ ಕಾಲದಲ್ಲಿ ನಾವು ಕೇಳಿಕೊಳ್ಳಬೇಕಾದದ್ದು ನಮ್ಮ ಛಲ ಎಷ್ಟು ಎಂಬುದನ್ನಲ್ಲ, ದೇಹಕ್ಕೆ ಈಗ ಬೇಕಾದದ್ದೇನು ಎಂಬುದನ್ನು.

ನೆಗಡಿಯನ್ನು ಉಂಟುಮಾಡುವ ವೈರಸ್‌ಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ರೈನೋವೈರಸ್ ಗುಂಪಿನವೇ ಅಧಿಕ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ತೊಂದರೆ ಹೆಚ್ಚಾಗಿದ್ದು, 7ರಿಂದ 10 ದಿನಗಳಲ್ಲಿ ಶಮನವಾಗುತ್ತದೆ. ಕೆಮ್ಮು ಮಾತ್ರ ಇನ್ನೂ ಒಂದೆರಡು ವಾರ ಉಳಿಯಬಹುದು. ಇದು ವೈರಸ್‌ನಿಂದ ಬರುವ ರೋಗವಾದ್ದರಿಂದ ಆಂಟಿಬಯೋಟಿಕ್ ಔಷಧಿಗಳು ಇದನ್ನು ಗುಣಪಡಿಸುವುದಿಲ್ಲ. ಗುಣಪಡಿಸುವುದು ದೇಹದ ರೋಗನಿರೋಧಕ ಶಕ್ತಿಯೇ.

ವ್ಯಾಯಾಮದ ವಿಷಯದಲ್ಲಿ ಕ್ರೀಡಾವೈದ್ಯರು ಅನುಸರಿಸುವ ಒಂದು ಸರಳ ಸೂತ್ರವಿದೆ. ಅಮೆರಿಕದ ವೈದ್ಯ ಡಾ. ರ‍್ಯಾಂಡಿ ಐಕ್ನರ್ ಅವರು 1990ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಕೊರಳನ್ನು ಗಡಿಯೆಂದು ಭಾವಿಸಿ ಲಕ್ಷಣಗಳನ್ನು ನೋಡಿಕೊಳ್ಳುವುದೇ ಆ ಸೂತ್ರ. ಮೂಗು ಸೋರುವುದು, ಮೂಗು ಕಟ್ಟುವುದು, ಸೀನು, ಗಂಟಲಿನ ಅಲ್ಪ ಕೆರೆತ, ಇವಿಷ್ಟೇ ಇದ್ದರೆ ಹಗುರವಾದ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಎದೆಯಲ್ಲಿ ಕಫ, ಆಳವಾದ ಕೆಮ್ಮು, ಮೈಕೈ ನೋವು, ವಾಂತಿ ಅಥವಾ ಭೇದಿ, ಉಸಿರಾಟದ ತೊಂದರೆ, ಇವುಗಳಲ್ಲಿ ಒಂದಿದ್ದರೂ ವಿಶ್ರಾಂತಿ ಬೇಕು. ಜ್ವರವಿದ್ದರಂತೂ ವ್ಯಾಯಾಮದ ಮಾತೇ ಇಲ್ಲ. ಇದು ಅನುಭವದಿಂದ ಮೂಡಿದ ಮಾರ್ಗದರ್ಶಿ. ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಬೆವರು ಹರಿಸಿ ನೆಗಡಿ ಬಿಡಿಸುವ ನಂಬಿಕೆಯನ್ನು ವಿಜ್ಞಾನಿಗಳು ಪರೀಕ್ಷೆಗೂ ಒಡ್ಡಿದ್ದಾರೆ. ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರಿಗೆ, ಅವರ ಒಪ್ಪಿಗೆಯಿಂದಲೇ, ರೈನೋವೈರಸ್ ಸೋಂಕು ತಗುಲಿಸಲಾಯಿತು. ಅವರಲ್ಲಿ 34 ಮಂದಿ ದಿನ ಬಿಟ್ಟು ದಿನ 40 ನಿಮಿಷ ಮಿತವಾದ ವ್ಯಾಯಾಮ ಮಾಡಿದರು. 16 ಮಂದಿ ಮಾಡಲಿಲ್ಲ. ನೆಗಡಿಯ ತೀವ್ರತೆಯಲ್ಲಾಗಲಿ ಅವಧಿಯಲ್ಲಾಗಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಸಾಧಾರಣ ನೆಗಡಿಯಲ್ಲಿ ಮಿತವಾದ ವ್ಯಾಯಾಮ ಹಾನಿ ಮಾಡದು. ಹಾಗೆಯೇ ಅದು ನೆಗಡಿಯನ್ನು ಬೇಗ ಓಡಿಸಲೂ ಆರದು. ನಾಲ್ಕು ದಿನ ಅಭ್ಯಾಸ ಬಿಟ್ಟವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಾಗಿಲ್ಲ.

ಜ್ವರದಲ್ಲಿ ದೇಹವನ್ನು ದುಡಿಸಬಾರದೆಂದು ವೈದ್ಯರು ಒತ್ತಿ ಹೇಳಲು ಕಾರಣವಿದೆ. ಜ್ವರವಿದ್ದಾಗ ಹೃದಯ ವಿಶ್ರಾಂತಿಯಲ್ಲಿಯೂ ವೇಗವಾಗಿ ಮಿಡಿಯುತ್ತಿರುತ್ತದೆ, ದೇಹದ ನೀರಿನಂಶವೂ ಕಡಿಮೆಯಾಗುತ್ತಿರುತ್ತದೆ. ವ್ಯಾಯಾಮ ಆ ಭಾರದ ಮೇಲೆ ಮತ್ತೊಂದು ಭಾರ ಹೇರುತ್ತದೆ. ಇದಲ್ಲದೆ ಇನ್‌ಫ್ಲುಯೆಂಜಾ, ಕೋವಿಡ್, ಕಾಕ್ಸಾಕಿ ಮುಂತಾದ ವೈರಸ್‌ಗಳು ಅಪರೂಪಕ್ಕೆ ಹೃದಯದ ಸ್ನಾಯುವಿಗೆ ಉರಿಯೂತ ತರುತ್ತವೆ. ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಬಿರುಸಿನ ಓಟ ಅಥವಾ ಭಾರ ಎತ್ತುವಿಕೆ ಹೃದಯದ ಲಯವನ್ನೇ ಕೆಡಿಸಿ ಪ್ರಾಣಕ್ಕೆ ಎರವಾಗಬಲ್ಲದು. ಆರಂಭದಲ್ಲಿ ಫ್ಲೂ ಮತ್ತು ನೆಗಡಿಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟ. ಆದ್ದರಿಂದಲೇ ಮೈ ಬಿಸಿಯಾದಾಗ, ಕೀಲುಗಳು ನೋಯುವಾಗ ಸುಮ್ಮನೆ ಮಲಗುವುದು ಜಾಣತನ.

ಮಾತ್ರೆಗಳ ಬಗೆಗೂ ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಇರುತ್ತದೆ. ಅದು ಜ್ವರವನ್ನು ಇಳಿಸುತ್ತದೆ, ರೋಗವನ್ನಲ್ಲ. ಮಾತ್ರೆಯ ಬಲದಿಂದ ಹಗುರವಾದ ಮೈಯನ್ನು ಗುಣವಾದ ಮೈಯೆಂದು ತಿಳಿದು ಮೈದಾನಕ್ಕಿಳಿಯಬಾರದು. ಮೂಗಿನ ಕಟ್ಟು ಬಿಡಿಸಲು ಸೇರಿಸುವ ಫಿನೈಲ್‌ಎಫ್ರಿನ್‌ನಂಥ ಔಷಧಿಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಬಿ.ಪಿ. ಅಥವಾ ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಇವುಗಳನ್ನು ಸೇವಿಸಬಾರದು.

ಅಭ್ಯಾಸಕ್ಕೆ ಮರಳುವ ಕ್ರಮ ಹೀಗಿರಲಿ. ಔಷಧಿಯಿಲ್ಲದೆ ಪೂರ್ತಿ 24 ಗಂಟೆ ಜ್ವರವಿಲ್ಲವೆಂಬುದು ಮೊದಲು ಖಚಿತವಾಗಬೇಕು. ಬೆಳಿಗ್ಗೆ ಏಳುವ ಮುನ್ನ ಹಾಸಿಗೆಯಲ್ಲಿಯೇ ನಾಡಿಯನ್ನು ಎಣಿಸಿಕೊಳ್ಳಿರಿ. ಎಂದಿಗಿಂತ ನಿಮಿಷಕ್ಕೆ ಹತ್ತು ಬಡಿತ ಹೆಚ್ಚಾಗಿದ್ದರೆ ಇನ್ನೊಂದು ದಿನ ಕಾಯಿರಿ. ಮೊದಲ ದಿನ 15ರಿಂದ 20 ನಿಮಿಷ ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆದರೆ ಸಾಕು. ನಡೆಯುತ್ತ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಆಡಲು ಸಾಧ್ಯವಾಗಬೇಕು. ಮರುದಿನ ಆಯಾಸ ಕಾಣದಿದ್ದರೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬಹುದು. ಎಷ್ಟು ದಿನ ಕಾಯಿಲೆ ಬಿದ್ದೆವೋ ಕನಿಷ್ಠ ಅಷ್ಟು ದಿನವನ್ನು ಹಳೆಯ ಪ್ರಮಾಣಕ್ಕೆ ಮರಳಲು ಕೊಡುವುದು ಒಳ್ಳೆಯ ರೂಢಿ.

ಯೋಗಾಭ್ಯಾಸಿಗಳಿಗೆ ಒಂದೆರಡು ಮಾತು. ಮೂಗು ಕಟ್ಟಿರುವಾಗ ಕಪಾಲಭಾತಿ, ಭಸ್ತ್ರಿಕಾಗಳನ್ನು ಬಲವಂತದಿಂದ ಮಾಡಬಾರದು. ಶೀರ್ಷಾಸನ, ಸರ್ವಾಂಗಾಸನಗಳಲ್ಲಿ ತಲೆಯ ಒತ್ತಡ ಹೆಚ್ಚುವುದರಿಂದ ಅವನ್ನೂ ಮುಂದೂಡುವುದು ಲೇಸು. ಜಲನೇತಿ ಮಾಡುವವರು ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರನ್ನೇ ಬಳಸಬೇಕು. ಇಷ್ಟಲಿಂಗ ಪೂಜೆಗೂ ಶಾಂತವಾದ ಧ್ಯಾನಕ್ಕೂ ನೆಗಡಿ ಅಡ್ಡಿಯಲ್ಲ. ಆದರೆ ಸಾಮೂಹಿಕ ಶಿಬಿರಗಳಿಂದ ಕೆಲವು ದಿನ ದೂರವಿರಿ. ಮೊದಲ ಎರಡು ಮೂರು ದಿನಗಳಲ್ಲಿ ಸೋಂಕು ಹರಡುವುದು ಹೆಚ್ಚು. ಸೀನುತ್ತ ದಾಸೋಹದ ಅಡುಗೆಗೆ ಕೈಹಾಕುವುದಕ್ಕಿಂತ ಆ ದಿನ ಮನೆಯಲ್ಲಿರುವುದೇ ನಿಜವಾದ ಸೇವೆ.

ಕೆಲವರ ವಿಷಯದಲ್ಲಿ ವಿಶೇಷ ಕಾಳಜಿ ಅವಶ್ಯ. ಆಸ್ತಮಾ, ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು, ವೃದ್ಧರು ಮತ್ತು ಗರ್ಭಿಣಿಯರು ವೈದ್ಯರ ಸಲಹೆಯಂತೆ ನಡೆಯಬೇಕು. ಪೊಲೀಸ್ ಮತ್ತು ಸೇನಾ ಭರ್ತಿಗಾಗಿ ಓಟದ ತಯಾರಿ ನಡೆಸುವ ಯುವಕರು ಪರೀಕ್ಷೆಯ ದಿನ ಹತ್ತಿರವಾಯಿತೆಂದು ಜ್ವರದಲ್ಲಿಯೂ ಓಡುವುದುಂಟು. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರು ದಾರಿಯಲ್ಲಿ ಜ್ವರ ಬಂದರೂ ಹರಕೆ ಮುರಿಯಬಾರದೆಂದು ಬಿಸಿಲಲ್ಲಿ ನಡೆಯುವುದೂ ಉಂಟು. ಒಂದೆರಡು ದಿನ ತಂಗಿ ಸುಧಾರಿಸಿಕೊಂಡು ನಡೆದರೆ ಭಕ್ತಿಗೆ ಕುಂದಿಲ್ಲ. ಪ್ರಸಾದ ನಿಲಯಗಳ ಪಾಲಕರು ಜ್ವರವಿರುವ ಮಕ್ಕಳನ್ನು ಬೆಳಗಿನ ಕವಾಯತಿಗೆ ಎಬ್ಬಿಸಬಾರದು. ವ್ಯಾಯಾಮದ ನಡುವೆ ಯಾರಿಗಾದರೂ ಎದೆನೋವು, ತಲೆಸುತ್ತು, ಎದೆಬಡಿತದಲ್ಲಿ ಏರುಪೇರು, ಅಸಹಜ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮೂರು ದಿನ ಮೀರಿದ ಜ್ವರವನ್ನೂ ಕಡೆಗಣಿಸಬಾರದು.

ವ್ಯಾಯಾಮವನ್ನು ಬಿಡುವುದು ಸುಲಭ, ದುಡಿಮೆಯನ್ನು ಬಿಡುವುದು ಎಲ್ಲರಿಗೂ ಸುಲಭವಲ್ಲ ಎಂಬುದನ್ನು ನಾವು ಬಲ್ಲೆವು. ದಿನಗೂಲಿಯವರಿಗೆ ಮಲಗಿದ ದಿನ ಕೂಲಿಯಿಲ್ಲ. ಎಷ್ಟೋ ಮನೆಗಳಲ್ಲಿ ತಾಯಂದಿರು ಜ್ವರದಲ್ಲಿಯೇ ಒಲೆಯ ಮುಂದೆ ನಿಂತಿರುತ್ತಾರೆ. ಕಾಯಕನಿಷ್ಠೆಯ ಹೆಸರಿನಲ್ಲಿ ಇದನ್ನು ಹೊಗಳಿ ಸುಮ್ಮನಾಗುವುದು ಸಲ್ಲದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದು ನಮಗೆ ಬೇಡವೆಂದು ಲಕ್ಕಮ್ಮನವರು ಹಿಂದಿರುಗಿಸಿದ ಪ್ರಸಂಗ ನಮಗೆಲ್ಲ ತಿಳಿದಿದೆ. ಕಾಯಕಕ್ಕೂ ಒಂದು ಮಿತಿಯುಂಟೆಂಬುದನ್ನು ಆ ತಾಯಿ ತೋರಿಸಿದರು. ದೇಹದಿಂದಲೂ ಅದು ಕೊಡಬಲ್ಲದ್ದಕ್ಕಿಂತ ಹೆಚ್ಚನ್ನು ಕಿತ್ತುಕೊಳ್ಳಬಾರದು. ಮನೆಯಲ್ಲಿ ಒಬ್ಬರು ಮಲಗಿದರೆ ಉಳಿದವರು ಅವರ ಕೆಲಸವನ್ನು ಹಂಚಿಕೊಳ್ಳಲಿ. ನೆರೆಯ ಕೂಲಿಕಾರ ಮಲಗಿದರೆ ಆ ಮನೆಗೆ ಎರಡು ದಿನ ಊಟ ತಲುಪಲಿ. ಅದೂ ದಾಸೋಹವೇ.

ನೆಗಡಿ ಹಗುರವಾಗಿದ್ದರೆ ಹಗುರವಾಗಿ ನಡೆಯಿರಿ, ಜ್ವರವಿದ್ದರೆ ವಿಶ್ರಮಿಸಿರಿ, ಗುಣವಾದ ಮೇಲೆ ಮೆಲ್ಲಗೆ ಮರಳಿರಿ. ಸದ್ಭಕ್ತರೆಲ್ಲರೂ ಆರೋಗ್ಯವಂತರಾಗಿ ತಮ್ಮ ತಮ್ಮ ಕಾಯಕದಲ್ಲಿ ನಿರತರಾಗಲೆಂದು ಹಾರೈಸುತ್ತೇವೆ.