ತುಟಿ ಒಂದು ಕಡೆ, ಮಾತು ಒಂದು ಕಡೆ

ಅತ್ತೆಯವರಿಗೆ ಕಿವಿ ಇನ್ನಷ್ಟು ಮಂದವಾಯಿತು ಎಂದು ತೀರ್ಮಾನಿಸುವ ಮುನ್ನ, ಒಂದು ಸಂಜೆ ಅವರ ಪಕ್ಕದಲ್ಲೇ ಕುಳಿತು ಟಿ.ವಿ. ನೋಡಿ. ದೊಡ್ಡ ಟಿ.ವಿ. ಬಂದಿದೆ, ಅದರ ಕೆಳಗೆ ಉದ್ದನೆಯ ಸೌಂಡ್‌ಬಾರ್ ಬಂದಿದೆ, ಧ್ವನಿ ಮನೆಯೆಲ್ಲ ಮೊಳಗುತ್ತಿದೆ. ಆದರೂ ಅವರು, "ಏನಂದಳೇ ಅವಳು? ಒಂದೂ ತಿಳೀಲಿಲ್ಲ" ಎನ್ನುತ್ತಾರೆ. ನೀವು ಧ್ವನಿ ಇನ್ನೂ ಏರಿಸುತ್ತೀರಿ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆಯೇ ಹೊರತು ಅತ್ತೆಯವರಿಗೆ ಏನೂ ಪ್ರಯೋಜನವಾಗುವುದಿಲ್ಲ. ಸ್ವಲ್ಪ ದಿನಕ್ಕೆ ಅವರು "ನನಗ್ಯಾಕೆ ಬಿಡಮ್ಮ ಟಿ.ವಿ." ಎಂದು ಒಳಗೆ ಹೋಗಿ ಮಲಗಿಬಿಡುತ್ತಾರೆ.

ಕಿವಿ ಮಂದವಾದವರು ಮಾತಿನ ಒಂದು ಪಾಲನ್ನು ಕಣ್ಣಿನಿಂದಲೇ ಕೇಳುತ್ತಾರೆ. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೇವೆ ಎಂಬುದು ಎಷ್ಟೋ ಸಲ ಅವರಿಗೇ ತಿಳಿದಿರುವುದಿಲ್ಲ. ತುಟಿ ಆಡಿ ಮುಗಿದ ಮೇಲೆ ಮಾತು ಬಂದರೆ ಊರುಗೋಲು ಕೈತಪ್ಪಿದ ಹಾಗೆ. ಕಿವಿ ಚೆನ್ನಾಗಿರುವವರನ್ನೂ ತುಟಿ ಏಮಾರಿಸುತ್ತದೆ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಬ್ರಿಟನ್ನಿನ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. 'ಗ' ಎನ್ನುವ ತುಟಿಯ ಚಿತ್ರಕ್ಕೆ 'ಬ' ಎನ್ನುವ ಧ್ವನಿ ಜೋಡಿಸಿ ತೋರಿಸಿದರೆ, ನೋಡಿದ ಬಹಳ ಜನಕ್ಕೆ ಕೇಳಿಸಿದ್ದು 'ದ'! ಇನ್ನು ಎಂಬತ್ತು ದಾಟಿದವರ ಪಾಡೇನು ಹೇಳಿ.

ಹಾಗಾದರೆ ತಪ್ಪು ಕಿವಿಯದೋ, ಟಿ.ವಿ.ಯದೋ? ಪರೀಕ್ಷೆ ಸುಲಭ, ಒಂದನೇ ತರಗತಿಯ ಕಾಗುಣಿತ ಬಂದರೆ ಸಾಕು. ಪ, ಬ, ಮ ಅನ್ನಬೇಕಾದರೆ ಎರಡು ತುಟಿಯೂ ಮುಚ್ಚಲೇಬೇಕು. ವಾರ್ತೆ ಓದುವಾಕೆ "ನಮಸ್ಕಾರ" ಎನ್ನುವಾಗ 'ಮ'ದ ಮೇಲೆ ಕಣ್ಣಿಡಿ. ತುಟಿ ಮುಚ್ಚಿದ ಕ್ಷಣಕ್ಕೇ 'ಮ' ಕೇಳಿಸಿದರೆ ಸರಿಯಾಗಿದೆ. ತುಟಿ ತೆರೆದು ಮುಂದಿನ ಅಕ್ಷರಕ್ಕೆ ಹೋದ ಮೇಲೆ ಕೇಳಿಸಿದರೆ ಧ್ವನಿ ಹಿಂದೆ ಬಿದ್ದಿದೆ. ಮುಚ್ಚುವ ಮೊದಲೇ ಕೇಳಿಸಿದರೆ ಮುಂದೋಡಿದೆ. ಈ ಪರೀಕ್ಷೆಗೆ ಡಬ್ ಆದ ಚಿತ್ರ ಬೇಡವೇ ಬೇಡ. ತೆಲುಗಿನಲ್ಲಿ ಆಡಿದ ತುಟಿಗೆ ಕನ್ನಡದ ಮಾತು ಕೂರಿಸಿದ್ದನ್ನು ಯಾವ ಗುಂಡಿ ಒತ್ತಿದರೂ ಸರಿಮಾಡಲಾಗದು.

ಧ್ವನಿ ಹಿಂದೆಬೀಳುವುದು ನಮಗೇನೂ ಹೊಸದಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಬಟ್ಟೆ ಕಲ್ಲಿಗೆ ಬಿದ್ದ ಮೇಲೆ 'ಧಪ್' ಎಂದು ಕೇಳಿಸುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ. ಆದ್ದರಿಂದ ಧ್ವನಿ ತುಸು ತಡವಾದರೆ ಮನಸ್ಸು ಸಹಿಸಿಕೊಳ್ಳುತ್ತದೆ, ಮೊದಲೇ ಬಂದರೆ ಸಹಿಸುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಪಾಲಿಗೆ ಮಿಲಿಸೆಕೆಂಡ್ ಎನ್ನುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಕೊಟ್ಟ ಲೆಕ್ಕದಂತೆ, ಧ್ವನಿ 45 ಮಿಲಿಸೆಕೆಂಡ್ ಮುಂದಾದರೇ ನೋಡುಗರಿಗೆ ಗೊತ್ತಾಗುತ್ತದೆ. ಹಿಂದಾದರೆ 125 ಆಗುವವರೆಗೂ ಗೊತ್ತಾಗದು.

ಮಾತಿನ ಚಿತ್ರ ಬಂದಂದಿನಿಂದ ಈ ತೊಂದರೆ ಇದ್ದೇ ಇದೆ. 35 ಮಿ.ಮೀ. ರೀಲಿನಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತಿದ್ದವು. ಒಂದು ಚಿತ್ರಕ್ಕೆ ಸೇರಿದ ಧ್ವನಿಯನ್ನು ಅದಕ್ಕಿಂತ ಸುಮಾರು 20 ಚಿತ್ರ ಮುಂದೆ ಅಚ್ಚು ಮಾಡಿರುತ್ತಿದ್ದರು. ಆಪರೇಟರು ರೀಲು ಏರಿಸುವಾಗ ಸುರುಳಿಯನ್ನು ಹೆಚ್ಚುಕಮ್ಮಿ ಬಿಟ್ಟರೆ ನಾಯಕಿಯ ತುಟಿ ಒಂದು ಕಡೆ, ಹಾಡು ಒಂದು ಕಡೆ. ಆಗ ಟೆಂಟಿನ ಜನ ಶಿಳ್ಳೆ ಹೊಡೆದು ಸರಿಮಾಡಿಸುತ್ತಿದ್ದರು. ಈಗ ಮನೆಯಲ್ಲಿ ನೀವೇ ಆಪರೇಟರು.

ಈಗಿನ ಟಿ.ವಿ. ಚಿತ್ರವನ್ನು ಬಂದ ಹಾಗೆ ತೋರಿಸುವುದಿಲ್ಲ. ಬಣ್ಣ ತಿದ್ದಿ, ಚಲನೆ ನಯಮಾಡಿ ಆಮೇಲೆ ತೋರಿಸುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಸೌಂಡ್‌ಬಾರಿಗೂ ತನ್ನ ಪಾಲಿನ ಧ್ವನಿಯನ್ನು ಬಿಡಿಸಿಕೊಳ್ಳಲು ಹೊತ್ತು ಬೇಕು. ಅನ್ನ, ಸಾರು ಎರಡು ಒಲೆಯ ಮೇಲಿಟ್ಟ ಹಾಗೆ. ಬೆಂದ ಅನ್ನ ಸಾರಿಗಾಗಿ ಕಾಯಬಹುದು; ಬೇಯದ ಬೇಳೆಯನ್ನು "ಬೇಗ ಬಾ" ಎಂದರೆ ಬಂದೀತೆ? ಇಲ್ಲೂ ಅಷ್ಟೆ. ಮೊದಲೇ ಬಂದ ಧ್ವನಿಯನ್ನು ತಡೆದು ನಿಲ್ಲಿಸಬಹುದು, ತಡವಾದದ್ದನ್ನು ಮುಂದಕ್ಕೆ ಎಳೆಯಲಾಗದು. ತಡವಾಗಲು ಕಾರಣವಾದದ್ದನ್ನೇ ತೆಗೆಯಬೇಕು.

ಒಂದೇ ಚಾನೆಲ್ಲಿನಲ್ಲಿ ಹೀಗಾಗುತ್ತಿದ್ದರೆ ನಿಮ್ಮ ಮನೆಯದಲ್ಲ ತಪ್ಪು, ಸುಮ್ಮನಿರಿ. ಎಲ್ಲದರಲ್ಲೂ ಆಗುತ್ತಿದ್ದರೆ ಟಿ.ವಿ., ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್ ಮೂರನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ಮಾತು ಎರಡೆರಡು ಸಲ ಕೇಳಿಸುವಂತಿದ್ದರೆ ಟಿ.ವಿ.ಯ ಸ್ಪೀಕರೂ ಸೌಂಡ್‌ಬಾರೂ ಒಟ್ಟಿಗೆ ಮಾತಾಡುತ್ತಿವೆ; ಟಿ.ವಿ.ಯ ಬಾಯಿ ಮುಚ್ಚಿಸಿ.

ಧ್ವನಿ ಹಿಂದೆ ಬಿದ್ದಿದೆಯೇ? ಮೊದಲ ಅನುಮಾನ ಬ್ಲೂಟೂತಿನ ಮೇಲಿರಲಿ. ವೈರಿಲ್ಲದ ಈ ಸಂಪರ್ಕದಲ್ಲಿ ಧ್ವನಿ 100ರಿಂದ 200 ಮಿಲಿಸೆಕೆಂಡ್‌ವರೆಗೂ ತಡವಾಗುವುದು ಸಾಮಾನ್ಯ. ಗೋಡೆಯ ಮೇಲೆ ವೈರು ಕಾಣಬಾರದೆಂದು ಯಜಮಾನರು ಬ್ಲೂಟೂತ್ ಹಾಕಿಸಿರುತ್ತಾರೆ. ಅಂದಕ್ಕಿಂತ ಅತ್ತೆಯವರ ಕಿವಿ ಮುಖ್ಯ ಎಂದು ಹೇಳಿ ವೈರು ಹಾಕಿಸಿ. ಟಿ.ವಿ.ಯ ಹಿಂದಿನ ಎಚ್‌ಡಿಎಂಐ ತೂತುಗಳಲ್ಲಿ 'ಎ.ಆರ್.ಸಿ.' ಅಥವಾ 'ಇ-ಎ.ಆರ್.ಸಿ.' ಎಂದು ಗುರುತಿರುವುದಕ್ಕೇ ಹಾಕಬೇಕು, ಬೇರೆಯದಕ್ಕೆ ಹಾಕಿದರೆ ಧ್ವನಿ ಬಾರದು. ಎರಡೂ ಯಂತ್ರಗಳಲ್ಲಿ ಇ-ಎ.ಆರ್.ಸಿ. ಇದ್ದರೆ ಹೊಂದಾಣಿಕೆಯನ್ನು ಅವೇ ಮಾಡಿಕೊಳ್ಳುವ ಏರ್ಪಾಡಿದೆ. ಆಗಲೂ ತಡವಾದರೆ ಸೆಟ್ಟಿಂಗ್ಸ್‌ನ ಧ್ವನಿ ವಿಭಾಗದಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು 'ಪಿ.ಸಿ.ಎಂ.'ಗೆ ಬದಲಾಯಿಸಿ ನೋಡಿ. ಸುತ್ತಮುತ್ತಿನ ಧ್ವನಿಯ ಸೊಗಸು ಕೊಂಚ ಹೋದೀತು, ಧಾರಾವಾಹಿಗೆ ಅದೇನು ಮಹಾ.

ಧ್ವನಿ ಮುಂದೋಡಿದ್ದರೆ ಕೆಲಸ ಇನ್ನೂ ಸಲೀಸು. 'ಎ.ವಿ. ಸಿಂಕ್', 'ಲಿಪ್ ಸಿಂಕ್', 'ಆಡಿಯೋ ಡಿಲೇ' ಇವುಗಳಲ್ಲಿ ಒಂದು ಹೆಸರು ಟಿ.ವಿ.ಯಲ್ಲೋ ಸೌಂಡ್‌ಬಾರಿನಲ್ಲೋ ಸಾಮಾನ್ಯವಾಗಿ ಇರುತ್ತದೆ. 40ರಿಂದ ಶುರುಮಾಡಿ, ಹತ್ತು ಹತ್ತೇ ಏರಿಸುತ್ತ, ಪ್ರತಿ ಸಲವೂ ಪ, ಬ, ಮ ನೋಡಿ. ನೀವು ನಿರ್ಧರಿಸಬೇಡಿ. ಅತ್ತೆಯವರನ್ನೇ ಅವರು ದಿನಾ ಕೂರುವ ಜಾಗದಲ್ಲಿ ಕೂರಿಸಿ, "ಈಗ ಹೇಗಿದೆ ಅತ್ತೆ?" ಎಂದು ಕೇಳಿ. ಅವರ ಮುಖ ಅರಳಿದ ಅಂಕಿಗೇ ನಿಲ್ಲಿಸಿ. ಸರಿಹೋದ ಮೇಲೂ ಮಾತು ತಿಳಿಯುತ್ತಿಲ್ಲ ಎಂದರೆ ಮಾತ್ರ ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ತಡಮಾಡಬೇಡಿ.

ಆ ಅಂಕಿಯನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಮೊಮ್ಮಗ ಆಟವಾಡಲು ಕುಳಿತು 'ಗೇಮ್ ಮೋಡ್' ಹಾಕಿದನೆಂದರೆ ಚಿತ್ರ ಬೇಗ ಬರತೊಡಗುತ್ತದೆ, ನಿಮ್ಮ ಲೆಕ್ಕ ಮತ್ತೆ ತಪ್ಪುತ್ತದೆ. ಏಳುವಾಗ ಅದನ್ನು ಆರಿಸಿಯೇ ಏಳಬೇಕೆಂದು ಅವನಿಗೆ ಹೇಳಿಡಿ.