ಹುಕ್‌ನ ಕೀಲು, ಹಳೆಯ ಜೀಪಿನ ಸದ್ದು

ಹಳೆಯ ಜೀಪು ಕೊಳ್ಳಲು ಹೋದವರು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ, ಬಾಡಿ ತಟ್ಟಿ ತುಕ್ಕು ಹುಡುಕುತ್ತಾರೆ. ಕೊಂಡ ಮೇಲೆ ಕೈ ಕಚ್ಚುವುದು ಬಹಳ ಸಲ ಅಡಿಭಾಗದ ಕೆಲಸ: ಗೇರ್‌ಬಾಕ್ಸಿನಿಂದ ಗಾಲಿಗಳಿಗೆ ಬಲ ಒಯ್ಯುವ ಶಾಫ್ಟು, ಕ್ರಾಸ್, ಕ್ರೌನ್ ಪಿನಿಯನ್. ಅಲ್ಲಿ ಏಳುವ ಸದ್ದುಗಳಲ್ಲಿ ಹಲವಕ್ಕೆ ಮೂಲ ಒಂದು ಹಳೆಯ ಪ್ರಶ್ನೆ. ಒಂದಕ್ಕೊಂದು ಓರೆಯಾಗಿ ನಿಂತ ಎರಡು ಸರಳುಗಳಲ್ಲಿ ಒಂದರ ತಿರುಗಾಟವನ್ನು ಇನ್ನೊಂದಕ್ಕೆ ದಾಟಿಸುವುದು ಹೇಗೆ?

1670ರ ದಶಕದಲ್ಲಿ ಇದನ್ನು ಬಿಡಿಸಿ ಬರೆದವನು ಲಂಡನ್ನಿನ ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮದ ಪಾಠದಲ್ಲಿ ಬರುವ ಅದೇ ಹುಕ್. ಎರಡೂ ಸರಳುಗಳ ತುದಿಗೆ ಒಂದೊಂದು ಕವೆ, ಕವೆಗಳ ನಡುವೆ ನಾಲ್ಕು ತೋಳಿನ ಒಂದು ತುಂಡು. ಇಂಥ ಜೋಡಣೆ ಅವನಿಗಿಂತ ಮೊದಲೂ ಇತ್ತು. ಹುಕ್ ಹಿಡಿದದ್ದು ಅದರ ಚಾಳಿಯನ್ನು. ಈಚೆಯ ಸರಳನ್ನು ಒಂದೇ ವೇಗದಲ್ಲಿ ತಿರುಗಿಸಿದರೂ ಆಚೆಯದು ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ, ಎರಡು ಸಲ ಹಿಂದೆ ಬೀಳುತ್ತದೆ. ಓರೆ 30 ಡಿಗ್ರಿ ಇದ್ದರೆ, ಈಚೆ ನಿಮಿಷಕ್ಕೆ 100 ಸುತ್ತು ಇರುವ ವೇಗ ಆಚೆ 87ಕ್ಕೆ ಇಳಿದು 115ಕ್ಕೆ ಏರುತ್ತಿರುತ್ತದೆ. ಹುಕ್ ಇದನ್ನು ದೋಷವೆಂದು ತಳ್ಳಲಿಲ್ಲ. ಮಟ್ಟವಾಗಿಟ್ಟ ಸೂರ್ಯಗಡಿಯಾರದ ಮೇಲೆ ನೆರಳು ಸರಿಯುವ ವೇಗದ ಏರಿಳಿತವೂ ಇದೇ ಲೆಕ್ಕದ್ದು. ಗಂಟೆಯ ಗೆರೆ ಗುರುತಿಸಲು ಈ ಕೀಲನ್ನೇ ಬಳಸಬಹುದೆಂದು ತೋರಿಸಿದ. ಏರಿಳಿತ ಬೇಡವಾದ ಕಡೆ ಎರಡು ಕೀಲು ಹಾಕಿದರೆ ಒಂದರದನ್ನು ಇನ್ನೊಂದು ಅಳಿಸುತ್ತದೆ ಎಂಬುದನ್ನೂ ಅವನು ಕಂಡುಕೊಂಡಿದ್ದ.

ಇದು ಮೋಟಾರು ಗಾಡಿಯಲ್ಲಿ ನೆಲೆಯಾದದ್ದು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್‌ನಿಂದ. ಹಿಂದಿನ ಗಾಲಿಗೆ ಸರಪಳಿಯ ಬದಲು ಶಾಫ್ಟು ಕೊಡಲು ಹೊರಟ ಆತ 1903ರಲ್ಲಿ ತನ್ನ ಕೀಲಿಗೆ ಪೇಟೆಂಟ್ ಪಡೆದ. ನಮ್ಮ ಗ್ಯಾರೇಜುಗಳಲ್ಲಿ 'ಕ್ರಾಸ್' ಎನ್ನುವುದು ಆ ನಾಲ್ಕು ತೋಳಿನ ತುಂಡನ್ನೇ. ಅದರ ತೋಳುಗಳಿಗೆ ತೊಡಿಸಿದ ಬಟ್ಟಲುಗಳಲ್ಲಿ ಸೂಜಿ ಬೇರಿಂಗುಗಳಿವೆ. ಗ್ರೀಸ್ ಒಣಗಿದರೆ ಅವು ಸವೆದು ಸಡಿಲವಾಗುತ್ತವೆ. ಆಗ ಕ್ಲಚ್ ಬಿಟ್ಟೊಡನೆ, ರಿವರ್ಸ್ ಹಾಕಿದೊಡನೆ ಅಡಿಯಿಂದ 'ಟಣ್' ಎನ್ನುತ್ತದೆ. ಎಂಜಿನ್ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಟಾರ್ಚ್ ಹಿಡಿದು ನೋಡಿ. ಬಟ್ಟಲಿನ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಕ್ರಾಸ್ ಮುಗಿದಿದೆ.

ಕ್ರಾಸ್ ಹೊಸದಾಗಿದ್ದೂ ವೇಗ ಏರಿದಂತೆ ಗಾಡಿ ಅದುರಿದರೆ ಹುಕ್‌ನ ಲೆಕ್ಕ ನೆನೆಯಬೇಕು. ಪ್ರೊಪೆಲ್ಲರ್ ಶಾಫ್ಟು ಎರಡು ತುಂಡಾಗಿ ಹಲ್ಲುಗಳಲ್ಲಿ ಕೂಡಿರುತ್ತದೆ. ಬಿಚ್ಚಿ ಕೂಡಿಸುವಾಗ ಹಲ್ಲು ತಪ್ಪಿದರೆ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಾಲಿಗೆ ನಿಲ್ಲುವುದಿಲ್ಲ. ಒಂದು ಕೀಲಿನ ಏರಿಳಿತವನ್ನು ಇನ್ನೊಂದು ಅಳಿಸುವುದು ತಪ್ಪಿ, ಅದುರು ಉಳಿಯುತ್ತದೆ. ಇದಕ್ಕೆ ಸಾಮಾನು ಬೇಡ, ಗುರುತು ನೋಡಿ ಮತ್ತೆ ಜೋಡಿಸಿದರೆ ಸಾಕು.

ಮುಂದಿನ ಗಾಲಿಯ ಪಾಡು ಬೇರೆ. ಅದು ತಿರುಗುತ್ತಲೇ ಪಕ್ಕಕ್ಕೂ ಹೊರಳಬೇಕು. ಹುಕ್‌ನ ಒಂಟಿ ಕೀಲು ಅಲ್ಲಿ ತಿರುವಿನಲ್ಲೆಲ್ಲ ಎಳೆದಾಡುತ್ತದೆ. 1926ರ ಸುಮಾರಿಗೆ ಫ್ರಾನ್ಸಿನಲ್ಲಿ ಪಿಯೆರ್ ಫೆನಾಯ್, ಗ್ರೆಗ್ವಾರ್ ಜೋಡಿ 'ಟ್ರಾಕ್ಟಾ' ಕೀಲು ತಂದರೆ, ಅಮೆರಿಕದಲ್ಲಿ ಫೋರ್ಡ್‌ನ ಎಂಜಿನಿಯರ್ ಆಲ್ಫ್ರೆಡ್ ರೆಪ್ಪಾ ಆರು ಉಕ್ಕಿನ ಗುಂಡುಗಳ ಕೀಲು ರೂಪಿಸಿದ. ಎಷ್ಟೇ ಓರೆಯಾದರೂ ಗುಂಡುಗಳು ಆ ಕೋನವನ್ನು ಸರಿಯಾಗಿ ಅರ್ಧಮಾಡುವ ಸಮತಲದಲ್ಲೇ ನಿಲ್ಲುವುದರಿಂದ ಎರಡೂ ಕಡೆಯ ವೇಗ ಒಂದೇ. ಎರಡನೇ ಮಹಾಯುದ್ಧದ ಜೀಪುಗಳ ಮುಂದಿನ ಆಕ್ಸಲ್‌ಗಳಲ್ಲಿ ಈ ಎರಡೂ ಬಗೆ ಇದ್ದವು. ಮಾರುತಿ ಜಿಪ್ಸಿಯ ಮುಂದಿನ ಗಾಲಿಗಳಲ್ಲಿರುವುದೂ ಗುಂಡಿನ ಕೀಲೇ.

ಗುಂಡು ಓಡುವ ಕಾಲುವೆ ಸವೆದರೆ ತಿರುವಿನಲ್ಲಿ 'ಕಟಕಟ' ಕೇಳುತ್ತದೆ. ಆದರೆ ಬಲ ಹಿಂದಿನ ಗಾಲಿಗಷ್ಟೇ ಹೋಗುವಾಗ ಆ ಕೀಲಿಗೆ ಭಾರ ಬೀಳದೆ ಸದ್ದು ಅಡಗಿರುತ್ತದೆ. ಡಾಂಬರಿನಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಶಾಫ್ಟುಗಳು ಒಂದಕ್ಕೊಂದು ಸೆಣಸಿ ಬೇರೆಯೇ ಸದ್ದು ಹೊರಡುತ್ತದೆ. ಅದರಿಂದ ತೀರ್ಮಾನಕ್ಕೆ ಬರಬೇಡಿ.

ಇನ್ನು ಗುಂಯ್‌ಗುಟ್ಟುವ ಸದ್ದು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಅದರ ದನಿ ಬದಲಾದರೆ ಮೊದಲ ಅನುಮಾನ ಕ್ರೌನ್ ಪಿನಿಯನ್ ಮೇಲೆ, ಅಂದರೆ ಶಾಫ್ಟಿನ ಬಲವನ್ನು ಆಕ್ಸಲ್‌ಗೆ ದಾಟಿಸುವ ಹಲ್ಲುಚಕ್ರಗಳ ಜೋಡಿಯ ಮೇಲೆ. ಆಕ್ಸಿಲರೇಟರಿಗೆ ಜಗ್ಗದೆ, ಎಡಕ್ಕೋ ಬಲಕ್ಕೋ ವಾಲಿಸಿದಾಗ ಬದಲಾದರೆ ಗಾಲಿಯ ಬೇರಿಂಗ್.

ಕ್ರಾಸಿನ ಸದ್ದಿಗೆ ಹೆದರಿ ಒಳ್ಳೆಯ ಗಾಡಿ ಬಿಡಬೇಡಿ, ಅದು ಸಣ್ಣ ಖರ್ಚು. ಕ್ರೌನ್ ಪಿನಿಯನ್ ಕೂಗಿ, ಅದರ ಆಯಿಲ್‌ನಲ್ಲಿ ಲೋಹದ ಚೂರು ಸಿಕ್ಕರೆ ದರ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಗುಂಡಿನ ಕೀಲಿನ 'ಕಟಕಟ' ಕೇಳಿ ನೋಡಲು, ಮಣ್ಣಿನ ದಾರಿಯಲ್ಲಿ ಮುಂದಿನ ಗಾಲಿಗಳನ್ನು ಆಕ್ಸಲ್‌ಗೆ ಕೂಡಿಸುವ ಹಬ್ ಲಾಕ್ ಮಾಡಿ, ಫೋರ್ ವೀಲ್ ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸಲು ಬಿಡದವನಿಗೆ ಮುಂಗಡ ಕೊಡಬೇಡಿ.